ಬುಟ್ಟಿಯಲ್ಲಿ ಕುಳಿತು ಹೊಳೆಯ ಲೆಕ್ಕ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ ನಿಂತು ದೋಣಿಯ ಮಾತೆತ್ತಿದರೆ ಕೇಳುವವರು ನಕ್ಕಾರು. ಧರ್ಮಪುರದ ಸಮೀಪದ ಈ ಊರು ಮಳೆಯ ನೆರಳಿನ ಸೀಮೆಗೆ ಸೇರಿದ್ದು. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು; ಅದೂ ಹೇಳಿದ ಮಾತಿಗೆ ಬರುವಂಥದ್ದಲ್ಲ. ಇಲ್ಲಿ ನೀರೆಂದರೆ ಕೆರೆ, ತೆರೆದ ಬಾವಿ, ಈಚಿನ ದಶಕಗಳಲ್ಲಿ ಆಳ ಹೆಚ್ಚುತ್ತಲೇ ಹೋದ ಕೊಳವೆಬಾವಿ. ಕೆರೆ ತುಂಬಿದರೆ ಬಾಗಿನ, ತುಂಬದಿದ್ದರೆ ಅರ್ಜಿ. ದೋಣಿಗೆ ಕೆಲಸವೆಲ್ಲಿ?

ಆದರೂ ಇದೇ ತಾಲ್ಲೂಕಿನ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ನಿಲ್ಲಿಸಿದ ವಾಣಿವಿಲಾಸ ಸಾಗರವಿದೆ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟೆ 30 ಟಿಎಂಸಿ ಅಡಿ ನೀರು ಹಿಡಿಯಬಲ್ಲುದು. 1933ರಲ್ಲಿ ಒಮ್ಮೆ ಕೋಡಿ ಹರಿದದ್ದನ್ನು ಅಜ್ಜಂದಿರು ಮೊಮ್ಮಕ್ಕಳಿಗೆ ಕತೆಯಾಗಿ ಹೇಳುತ್ತಿದ್ದರು. ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. 2025ರ ಜನವರಿಯಲ್ಲಿ ಮೂರನೆಯ ಸಲ ತುಂಬಿತು. ಕೋಡಿ ನೋಡಲು ಜನ ಜಾತ್ರೆಯಂತೆ ನೆರೆದರು. ಅದೇ ನೀರಿಗೆ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹೊಲ ತೋಟಗಳು ಮುಳುಗಿ, ಅಲ್ಲಿಯ ರೈತರು ಕಣ್ಣೀರು ಹಾಕಿದ್ದೂ ಉಂಟು.

ನೀರು ಕಂಡ ಮೇಲೆ ಅದರ ಮೇಲೆ ತೇಲುವ ಆಸೆ ಹುಟ್ಟುವುದು ಸಹಜ. ನಾಲ್ಕಾರು ಮಂದಿ ಸ್ನೇಹಿತರು ಸೇರಿ, ಡೇರೆ ಪಾತ್ರೆ ಪಡಗ ಕಟ್ಟಿಕೊಂಡು, ದೋಣಿಯಲ್ಲಿ ಮೂರು ದಿನ ಹೋಗಿ ದಡದಲ್ಲಿ ಮಲಗಿ ಬರುವ ವಿಹಾರದ ಚಿತ್ರ ಈಗ ನಮ್ಮ ಹುಡುಗರ ಮನಸ್ಸಿಗೂ ಬಂದಿದೆ. ಆ ಚಿತ್ರದ ಮೂಲ ಸ್ವೀಡನ್, ನಾರ್ವೆಗಳ ಕಡೆಯದು.

ಅಲ್ಲಿಯ ಪರಿಸ್ಥಿತಿ ಇಲ್ಲಿಗೆ ಪೂರ್ತಿ ತಿರುವುಮುರುವು. ಸ್ವೀಡನ್ ಒಂದರಲ್ಲೇ ಒಂದು ಹೆಕ್ಟೇರಿಗಿಂತ ದೊಡ್ಡ ಸರೋವರಗಳು 95 ಸಾವಿರಕ್ಕೂ ಹೆಚ್ಚಿವೆ. ಹಿಮಯುಗದ ನೀರ್ಗಲ್ಲುಗಳು ನೆಲವನ್ನು ಕೆರೆದು ಬಿಟ್ಟುಹೋದ ಗುಂಡಿಗಳು ಅವು. ಒಂದರಿಂದ ಇನ್ನೊಂದಕ್ಕೆ ಕಿರುಹೊಳೆ ಇದ್ದರೆ ಹುಟ್ಟು ಹಾಕಿಕೊಂಡು ಹೋಗುತ್ತಾರೆ, ಇಲ್ಲದಿದ್ದರೆ ದೋಣಿಯನ್ನು ಹೆಗಲಿಗೇರಿಸುತ್ತಾರೆ. ಇದಕ್ಕೆ ಬಳಸುವ ಉದ್ದನೆಯ ತೆರೆದ ಕನೂ ದೋಣಿ ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಬಂದದ್ದು. ಇಬ್ಬರು ಕೂರುವ, ಇಬ್ಬರೇ ಹೊರಬಲ್ಲ ದೋಣಿ. ಗುಂಪಿನಲ್ಲಿ ಎಂಟು ಜನರಿದ್ದರೆ ನಾಲ್ಕು ದೋಣಿ. ಹೊರಡುವವರ ಮೊದಲ ಲೆಕ್ಕ ದೂರದ್ದಲ್ಲ, ಹೊರೆಯದು: ದೋಣಿ ಹೊತ್ತು ನಡೆಯಬೇಕಾದ ದಾರಿ ಎಷ್ಟಿದೆ, ಗಂಟು ಸಾಗಿಸಲು ಅದೇ ದಾರಿಯಲ್ಲಿ ಎಷ್ಟು ಸಲ ಓಡಾಡಬೇಕು ಎಂಬುದು. ಅರ್ಧ ಕಿಲೋಮೀಟರ್ ದಾರಿಯನ್ನು ಎರಡು ಹೊರೆಯಲ್ಲಿ ಮುಗಿಸಬೇಕಾದರೆ ನಡೆಯುವುದು ಒಂದೂವರೆ ಕಿಲೋಮೀಟರ್. ನಕಾಶೆ ಇದನ್ನು ಹೇಳುವುದಿಲ್ಲ.

ಎರಡನೆಯ ಸಂಗತಿ ಕಾನೂನಿನದು. ರಾತ್ರಿ ಎಲ್ಲಿ ಮಲಗುವುದು? ಆ ದೇಶಗಳಲ್ಲಿ ಬಯಲು, ಕಾಡು, ನೀರಿನ ಮೇಲೆ ಸರ್ವರಿಗೂ ಓಡಾಡುವ ಹಕ್ಕಿದೆ. ನೆಲ ಬೇರೆಯವರದಾದರೂ ಬೆಳೆ ತುಳಿಯದೆ, ಮನೆಯಂಗಳಕ್ಕೆ ಹೋಗದೆ ಡೇರೆ ಹಾಕಬಹುದು. ನಾರ್ವೆ ಇದನ್ನು 1957ರ ಕಾನೂನಿನಲ್ಲಿ ಬರೆದಿಟ್ಟಿತು: ವಾಸದ ಮನೆಯಿಂದ 150 ಮೀಟರ್ ದೂರವಿರಬೇಕು, ಮಾಲೀಕನನ್ನು ಕೇಳದೆ ಒಂದೇ ಕಡೆ ಎರಡು ರಾತ್ರಿಗಿಂತ ಹೆಚ್ಚು ಉಳಿಯಬಾರದು. ಹಳ್ಳಿಗರ ರೂಢಿಯಾಗಿದ್ದ ಈ ಹಕ್ಕನ್ನು ಸ್ವೀಡನ್ 1994ರಲ್ಲಿ ಸಂವಿಧಾನಕ್ಕೇ ಸೇರಿಸಿತು. ಬೆಂಕಿಗೆ ಮಾತ್ರ ಕಟ್ಟುನಿಟ್ಟು. ನಾರ್ವೆಯಲ್ಲಿ ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲೂ ಕಾಡಿನಂಚಿನಲ್ಲೂ ಬಯಲು ಬೆಂಕಿ ಹಚ್ಚುವಂತಿಲ್ಲವೆಂಬುದು ಸಾಮಾನ್ಯ ನಿಯಮ.

ಇಲ್ಲಿ ಅಂಥ ಹಕ್ಕಿಲ್ಲ. ಆದರೆ ಪರರ ನೆಲದಲ್ಲಿ ಗುಂಪಾಗಿ ಬೀಡುಬಿಡುವ ವಿದ್ಯೆ ಚಿತ್ರದುರ್ಗದ ಸೀಮೆಗೆ ಹೊಸದಲ್ಲ. ಕುರಿ ಮಂದೆ ಹೊಡೆದುಕೊಂಡು ಊರೂರು ತಿರುಗುವ ಕುರುಬರು, ಕಾಡುಗೊಲ್ಲರು ಇದನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಒಬ್ಬ ಮುಂದಾಗಿ ಹೋಗಿ ಮೇವು ನೀರು ನೋಡಿ ಬರುತ್ತಾನೆ. ಹೊಲದವನೊಡನೆ ಮಾತು ಮುಗಿಯುತ್ತದೆ. ಮಂದೆ ರಾತ್ರಿ ಹೊಲದಲ್ಲಿ ತಂಗಿದರೆ ಗೊಬ್ಬರ ಸಿಗುತ್ತದೆಂದು ಹೊಲದವನೇ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಮಲಗಲು ಜಾಗ ಬಿಟ್ಟುಕೊಟ್ಟವನೇ ಬಾಡಿಗೆಯನ್ನೂ ಕೊಡುವ ಇಂಥ ಒಪ್ಪಂದ ಸ್ವೀಡನ್ನಿನ ಸಂವಿಧಾನಕ್ಕೂ ಹೊಳೆದಿಲ್ಲ. ಇವರ ಸಾಮಾನೋ, ಒಂದು ಕಂಬಳಿ, ಹಿಟ್ಟು, ಒಂದೆರಡು ಪಾತ್ರೆ, ಕೋಲು, ನಾಯಿ. ಕಂಬಳಿಯೇ ಹಾಸಿಗೆ, ಮಳೆಗೆ ಅದೇ ಕೊಪ್ಪೆ. ಪ್ರವಾಸಕ್ಕೆ ಹೊರಡುವವರ ಪಟ್ಟಿ ಉದ್ದವಾಗುವುದು ಒಂದು ವಸ್ತುವಿನಿಂದ ಒಂದೇ ಕೆಲಸ ತೆಗೆಯುವುದರಿಂದ.

ಇನ್ನು ದೋಣಿಯ ವಿಷಯ. ಕನ್ನಡ ನಾಡಿನ ಒಳಹೊಳೆಗಳಿಗೆ ಕನೂ ಹೊಂದುವುದಿಲ್ಲ, ಇಲ್ಲಿಯದು ಹರಿಗೋಲು. ಕೆಲವೆಡೆ ತೆಪ್ಪ ಎನ್ನುತ್ತಾರೆ, ರಾಯಚೂರಿನ ಕಡೆ ಪುಟ್ಟಿ. ಬಿದಿರಿನ ಸೀಳುಗಳಿಂದ ಹೆಣೆದ ದೊಡ್ಡ ಬುಟ್ಟಿ; ಹೊರಗೆ ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಇದನ್ನು ನೋಡಿ ಬೆರಗಾದ. ಹದಿನೈದು ಇಪ್ಪತ್ತು ಜನ ಕೂರುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ, ಆದರೆ ದೋಣಿ ನೇರ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟ.

ಸುತ್ತುವುದು ಅದರ ದೋಷವಲ್ಲ, ಆಕಾರದ ಫಲ. ಉದ್ದನೆಯ ದೋಣಿಗೆ ಮೂತಿಯಿದೆ, ಅಡಿಯಲ್ಲಿ ನೀರನ್ನು ಸೀಳುವ ಗೆರೆಯಿದೆ. ಹರಿಗೋಲಿಗೆ ಎರಡೂ ಇಲ್ಲ. ಒಂದು ಕಡೆ ಹುಟ್ಟು ಹಾಕಿದರೆ ಬುಗುರಿಯಾಗುತ್ತದೆ. ಅದಕ್ಕೇ ಅಂಬಿಗ ಬುಟ್ಟಿಯ ಮುಂದೆ ನಿಂತು ಇಲ್ಲವೆ ಕುಳಿತು ನೀರನ್ನು ತನ್ನತ್ತ ಸೆಳೆಯುತ್ತಾನೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ಪ್ರತಿಯಾಗಿ ಲಾಭವೇನೆಂದರೆ, ತಳ ಅಗಲವಾದ್ದರಿಂದ ದೋಣಿ ಹೆಚ್ಚು ಮುಳುಗುವುದಿಲ್ಲ. ಬಂಡೆಗಳೇ ತುಂಬಿದ ತುಂಗಭದ್ರೆಯಲ್ಲಿ ಒಂದಡಿ ನೀರಿದ್ದರೂ ಸಾಗುತ್ತದೆ. ಬಂಡೆಗೆ ತಾಗಿದರೆ ಬಿದಿರು ಬಾಗುತ್ತದೆ, ಮುರಿಯುವುದು ಕಡಿಮೆ.

ಎಷ್ಟು ಮುಳುಗುತ್ತದೆಂಬುದನ್ನು ಶಾಲೆಯ ಗಣಿತದಲ್ಲೇ ನೋಡಬಹುದು. ಎಂಟಡಿ, ಅಂದರೆ ಸುಮಾರು 2.4 ಮೀಟರ್ ಅಡ್ಡಗಲದ ಹರಿಗೋಲಿನ ವಿಸ್ತೀರ್ಣ ನಾಲ್ಕೂವರೆ ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಇಳಿದರೆ 45 ಲೀಟರ್ ನೀರನ್ನು ಸರಿಸುತ್ತದೆ, ಅಂದರೆ 45 ಕಿಲೋ ಭಾರ ಹೊರುತ್ತದೆ. ತಲಾ 60 ಕಿಲೋದ ಹತ್ತು ಜನ ಮತ್ತು 75 ಕಿಲೋ ಸಾಮಾನು ಸೇರಿದರೆ 675 ಕಿಲೋ. ದೋಣಿ 15 ಸೆಂಟಿಮೀಟರ್ ಇಳಿಯುತ್ತದೆ. ತಳ ಬಟ್ಟಲಿನಂತಿರುವುದರಿಂದ ಇನ್ನಷ್ಟು ಹೆಚ್ಚೆಂದುಕೊಳ್ಳಬೇಕು. ಆದರೂ ಅಂಚು ನೀರಿನಿಂದ ಸಾಕಷ್ಟು ಮೇಲೇ ಇರುತ್ತದೆ. ಹಾಗಾದರೆ ಹರಿಗೋಲುಗಳು ಮಗುಚುವುದೇಕೆ? ಈ ಲೆಕ್ಕವೆಲ್ಲ ಭಾರ ಸಮನಾಗಿ ಹಂಚಿದ್ದಾಗ ಮಾತ್ರ. ಹತ್ತು ಜನರಲ್ಲಿ ನಾಲ್ವರು ಫೋಟೊಗಾಗಿ ಒಂದೇ ಬದಿಗೆ ಎದ್ದು ನಿಂತರೆ ಆ ಬದಿಯ ಅಂಚು ನೀರಿಗೆ ತಾಗುತ್ತದೆ. ಒಮ್ಮೆ ನೀರು ಒಳಬಂದರೆ ಅದೂ ತಗ್ಗಿದ ಕಡೆಗೇ ಓಡಿ ವಾಲಿಕೆಯನ್ನು ಹೆಚ್ಚಿಸುತ್ತದೆ. ಲೆಕ್ಕ ಹತ್ತು ಜನರನ್ನು ಒಪ್ಪಿದರೂ ಆರೇ ಜನರನ್ನು ಕೂರಿಸುವ ಅಂಬಿಗ ಅಂಜುಬುರುಕನಲ್ಲ. ಅವನನ್ನು ಬೈದು ಇನ್ನಿಬ್ಬರನ್ನು ಹತ್ತಿಸುವವರು ನಮ್ಮಲ್ಲಿ ಧಾರಾಳ.

ಈ ಬುಟ್ಟಿಯನ್ನೇ ನಂಬಿ ಬಹಳ ದೊಡ್ಡ ಗುಂಪಿನ ಪ್ರಯಾಣವನ್ನು ಯೋಜಿಸಿದವನೊಬ್ಬನಿದ್ದ: ಆರ್ಥರ್ ವೆಲ್ಲೆಸ್ಲಿ, ಮುಂದೆ 1815ರಲ್ಲಿ ವಾಟರ್ಲೂ ಕಾಳಗದಿಂದ ಹೆಸರಾದವನು. ಟಿಪ್ಪುವಿನ ಪತನದ ನಂತರ ಚನ್ನಗಿರಿಯ ಧೋಂಡಿಯಾ ವಾಘನ ಬೆನ್ನು ಹತ್ತಿ 1800ರ ಜೂನಿನಲ್ಲಿ ಅವನು ತುಂಗಭದ್ರೆಯ ದಡಕ್ಕೆ ಬಂದಾಗ ಹೊಳೆ ಏರುತ್ತಿತ್ತು, ದೋಣಿಗಳು ಸಾಲದಾಗಿದ್ದವು. ಹಾವನೂರಿನ ಬಳಿ ಸೈನ್ಯ ದಾಟುವುದಕ್ಕೆ ದಿನಗಟ್ಟಲೆ ಹಿಡಿಯಿತು. ಧೋಂಡಿಯಾ ಆ ಸೆಪ್ಟೆಂಬರ್ 10ರಂದು ಹತನಾದ. ಆದರೆ ಹೊಳೆ ಕಲಿಸಿದ ಪಾಠವನ್ನು ವೆಲ್ಲೆಸ್ಲಿ ಮರೆಯಲಿಲ್ಲ. ಮಳೆಗಾಲದಲ್ಲಿ ದಖ್ಖನಿನ ಹೊಳೆಗಳು ತುಂಬಿದಾಗ ಕುದುರೆ ಎಷ್ಟೇ ವೇಗವಾಗಿ ಓಡಿದರೂ ದಡದಲ್ಲಿ ನಿಲ್ಲಲೇಬೇಕು. ಬುಟ್ಟಿ ಇದ್ದವನು ದಾಟುತ್ತಾನೆ. 1803ರಲ್ಲಿ ಮರಾಠರ ಮೇಲೆ ಹೊರಟಾಗ ಅವನ ಸೈನ್ಯ ಸೇರಿದ್ದು ಹರಿಹರದಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಈ ಊರು ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಮಳೆ ಬರುವ ಮೊದಲೇ ದಾರಿಯ ಹೊಳೆಗಳಿಗೆ ಬುಟ್ಟಿದೋಣಿ ಸಿದ್ಧವಿರಬೇಕೆಂದು ಅವನು ಪತ್ರದ ಮೇಲೆ ಪತ್ರ ಬರೆದ. ಆ ಆಗಸ್ಟಿನಲ್ಲಿ ಅವನ ದಂಡು ಗೋದಾವರಿಯನ್ನು ದಾಟಿದ್ದು ಬುಟ್ಟಿಗಳಲ್ಲೇ. ಯುದ್ಧದ ನ್ಯಾಯಾನ್ಯಾಯ ಬೇರೆ ಮಾತು. ಮೇದಾರರು ಹೆಣೆದ, ಅಂಬಿಗರು ನಡೆಸಿದ ಬುಟ್ಟಿಗಳ ಹೆಸರು ಆ ಜಯದ ಕತೆಗಳಲ್ಲಿ ಕೇಳಿಬರುವುದೇ ಅಪರೂಪ.

ಇಂದು ಇಂಥ ವಿಹಾರವನ್ನು ಯೋಚಿಸುವವರಿಗೆ ಹೊಳೆ ಏರುವುದು ಮಳೆಯಿಂದಷ್ಟೇ ಅಲ್ಲ, ಅಣೆಕಟ್ಟೆಯ ಬಾಗಿಲಿನಿಂದ. ಹಂಪಿಯಲ್ಲಿ ಆಕಾಶ ಶುಭ್ರವಾಗಿದ್ದರೂ ಮೇಲೆ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟರೆ ಹರಿಗೋಲು ನಿಲ್ಲುತ್ತದೆ. ಸಂಜೆ ನೀರಂಚಿನ ಮರಳಿನಲ್ಲಿ ಹಾಕಿದ ಡೇರೆ ಬೆಳಗಿನ ಜಾವಕ್ಕೆ ಹೊಳೆಯೊಳಗಿರಬಹುದು. ಆದ್ದರಿಂದ ಮೊದಲು ವಿಚಾರಿಸಬೇಕಾದ್ದು ನೀರಾವರಿ ಇಲಾಖೆಯವರನ್ನು, ಆಮೇಲೆ ಅರಣ್ಯ ಇಲಾಖೆಯವರನ್ನು. ಕಾವೇರಿ ವನ್ಯಜೀವಿಧಾಮದಂಥ ಕಡೆ ಅನುಮತಿಯಿಲ್ಲದೆ ದಡದಲ್ಲಿ ತಂಗುವುದು ಅಪರಾಧ. ತುಂಗಭದ್ರೆಯಲ್ಲೂ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸಾರಲಾಗಿದೆ. ಕಾಳಿ, ಕಾವೇರಿ, ತುಂಗಭದ್ರೆಗಳಲ್ಲಿ ಮೊಸಳೆಗಳೂ ಇವೆ. ನಾರ್ವೆಯ ಪ್ರವಾಸಿಗೆ ಸೊಳ್ಳೆ ಮತ್ತು ತಣ್ಣೀರು ಶತ್ರುಗಳಾದರೆ ಇಲ್ಲಿಯವರಿಗೆ ಶತ್ರುಗಳ ಪಟ್ಟಿ ಸ್ವಲ್ಪ ಉದ್ದ.

ವಾಣಿವಿಲಾಸ ಸಾಗರದಂಥ ನಿಂತ ನೀರಿನ ತೊಡಕು ಬೇರೆ ಬಗೆಯದು. ಅಲ್ಲಿ ಸೆಳವಿಲ್ಲ, ಗಾಳಿಯಿದೆ. ಬಯಲು ಸೀಮೆಯಲ್ಲಿ ಮಧ್ಯಾಹ್ನ ಗಾಳಿ ಎದ್ದರೆ ಮೈಲುಗಟ್ಟಲೆ ಹರಡಿದ ನೀರಿನ ಮೇಲೆ ಅಲೆ ಏಳುತ್ತದೆ. ಗುಂಡು ಬುಟ್ಟಿಗೆ ಗಾಳಿಯನ್ನು ಸೀಳುವ ಶಕ್ತಿಯಿಲ್ಲ. ಅದು ಕೊಂಡೊಯ್ದ ಕಡೆ ಹೋಗಬೇಕು. ಬೆಳಗಿನ ಹೊತ್ತು ದಡ ಹಿಡಿದು ಸಾಗಿ, ಬಿಸಿಲೇರುವ ಮೊದಲು ಇಳಿದುಬಿಡುವುದು ಕ್ಷೇಮ. ಮುಳುಗಿದ ತೋಟಗಳ ಮರದ ತುದಿಗಳು ನೀರಿನಡಿ ಅಡಗಿರುತ್ತವೆ, ಅವು ಪ್ಲಾಸ್ಟಿಕ್ ಹಾಳೆಯನ್ನು ಹರಿಯಬಲ್ಲವು. ಗುಂಪಿನ ವೇಗ ಎಲ್ಲರಿಗಿಂತ ನಿಧಾನವಾದ ದೋಣಿಯ ವೇಗವಾಗಿರಬೇಕು. ಚೆನ್ನಾಗಿ ಬಲ್ಲವನು ಮುಂದೆ ಹೋಗುವುದಕ್ಕಿಂತ ಕೊನೆಯಲ್ಲಿದ್ದರೆ ಹೆಚ್ಚು ಉಪಯೋಗ, ಏಕೆಂದರೆ ಮುಳುಗುವವನು ಹಿಂದೆ ನೋಡಿ ಕೂಗುವುದಿಲ್ಲ. ತೇಲುಜಾಕೀಟನ್ನು ಈಜು ಬರುವವರೂ ತೊಡಬೇಕು. ಕೆರೆಬಾವಿಗಳು ಬತ್ತಿದ ಊರುಗಳಲ್ಲಿ ಒಂದು ತಲೆಮಾರು ಈಜು ಕಲಿಯದೆಯೇ ಬೆಳೆದಿದೆಯೆಂಬುದನ್ನು ಹರಿಯಬ್ಬೆಯ ಕಡೆಯವರಿಗೆ ಬೇರೆಯವರು ಹೇಳಬೇಕಿಲ್ಲ. ಬರಗಾಲದ ಸೀಮೆಗೆ ನೀರು ಬಂದಾಗ ಆಗುವ ಸಾವುಗಳ ಕಾರಣ ಹೆಚ್ಚಾಗಿ ಇಲ್ಲಿದೆ.

ಬೀಡು ಮತ್ತು ದೋಣಿ ಎರಡನ್ನೂ ಒಂದೇ ವಸ್ತುವಿನಲ್ಲಿ ಇಟ್ಟುಕೊಂಡವರು ದಕ್ಷಿಣದ ಜಲಾಶಯಗಳ ದಡದಲ್ಲಿ ಈಗಲೂ ಕಾಣಸಿಗುತ್ತಾರೆ. ಮೀನಿನ ಕಾಲ ನೋಡಿಕೊಂಡು ಒಂದು ಹಿನ್ನೀರಿನಿಂದ ಇನ್ನೊಂದಕ್ಕೆ ಸಂಸಾರ ಸಮೇತ ಹೋಗುವ ಬಡ ಮೀನುಗಾರರು ಅವರು. ಅವರಿಗಿದು ವಿಹಾರವಲ್ಲ, ಹೊಟ್ಟೆಪಾಡು. ಸಂಜೆ ಬಲೆ ಬಿಟ್ಟು ದಡಕ್ಕೆ ಬಂದು, ಮೂರು ಕಲ್ಲಿನ ಒಲೆ ಹೂಡುತ್ತಾರೆ. ಮಳೆ ಬರುವ ಸೂಚನೆಯಿದ್ದರೆ ಹರಿಗೋಲನ್ನು ಬೋರಲು ಹಾಕಿ ಒಂದು ಬದಿಗೆ ಕೋಲು ಊರುತ್ತಾರೆ. ಮಕ್ಕಳು ಒಳಗೆ ನುಸುಳಿ ಮಲಗುತ್ತವೆ. ಬೆಳಗ್ಗೆ ಅದನ್ನೇ ಮಗುಚಿ ನೀರಿಗೆ ಬಿಡುತ್ತಾರೆ.