ಫಿಲ್ಟರ್ ತೊಳೆಯುವುದೂ ವಿದ್ಯೆಯೇ

ಆಕ್ಸಿಜನ್ ಕಾನ್ಸಂಟ್ರೇಟರ್‌ಗಳ ಬೆನ್ನಿಗೋ ಪಕ್ಕಕ್ಕೋ ಅಂಗೈಯಗಲದ ಸ್ಪಂಜಿನ ಫಿಲ್ಟರ್ ಇರುತ್ತದೆ. ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಮತ್ತೆ ಕೂರಿಸಬೇಕು. ದೂಳು ಕಟ್ಟಿದರೆ ಕಂಪ್ರೆಸರ್ ಏದುಸಿರು ಬಿಡುತ್ತದೆ. ತೇವ ಒಳಹೊಕ್ಕರೆ, ಗಾಳಿಯಲ್ಲಿನ ಸಾರಜನಕ ಹೀರುವ ಜಿಯೋಲೈಟ್ ಹಾಳು. ಆಗಲೂ ಯಂತ್ರ ಗುಂಯ್‌ಗುಡುತ್ತಲೇ ಇರುತ್ತದೆ. ಕೊಳವೆಯಲ್ಲಿ ಬರುವ ಆಮ್ಲಜನಕ ಮಾತ್ರ ತೆಳುವಾಗುತ್ತಾ ಹೋಗುತ್ತದೆ. ಅದು ಶೇ 82ಕ್ಕಿಂತ ಇಳಿಯಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಳೆದು ನೋಡುವವರು ಬೇಕಲ್ಲ!

ಕೇಂದ್ರ ಸರ್ಕಾರ 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ವೈದ್ಯಕೀಯ ಉಪಕರಣಗಳ ನಿರ್ವಹಣೆಗೆಂದೇ ಕಾರ್ಯಕ್ರಮವೊಂದನ್ನು ಶುರುಮಾಡಿತು. ಸರ್ಕಾರಿ ಆಸ್ಪತ್ರೆಗಳ ಲೆಕ್ಕ ತೆಗೆದಾಗ ಒಂದೊಂದು ರಾಜ್ಯದಲ್ಲಿ ಶೇ 13ರಿಂದ 34ರಷ್ಟು ಉಪಕರಣ ಕೆಟ್ಟು ಕೂತಿತ್ತು. ಖರೀದಿಗೆ ದುಡ್ಡಿತ್ತು, ಬಿಚ್ಚಿ ನೋಡುವ ಕೈ ಇರಲಿಲ್ಲ.

ಆ ಕೈ ಎಷ್ಟು ಕಲಿತಿರಬೇಕು? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಮಾಲ್ಕಿನ್ ಮತ್ತು ಸಂಗಡಿಗರು 11 ದೇಶಗಳ 60 ಬಡ ಆಸ್ಪತ್ರೆಗಳಿಂದ ಬಂದ 2,849 ರಿಪೇರಿ ಕೋರಿಕೆಗಳನ್ನು ಜಾಲಾಡಿ 2010ರಲ್ಲಿ ಉತ್ತರ ಕೊಟ್ಟರು. ವಿದ್ಯುತ್, ಮೋಟಾರು, ನಳ, ಬಳಸುವವರಿಗೆ ತಿಳಿಹೇಳುವುದು ಇತ್ಯಾದಿ ಸೇರಿ 107 ಕೌಶಲ ಬಂದರೆ, ಕೆಟ್ಟದ್ದರಲ್ಲಿ ಶೇ 66ನ್ನು ಮತ್ತೆ ಚಾಲೂ ಮಾಡಬಹುದು.

ಊರಲ್ಲಿ ಪಂಪ್‌ಸೆಟ್ಟು, ಮಿಕ್ಸಿ ಬಿಚ್ಚಿ ಜೋಡಿಸಿದ ಐಟಿಐ ಹುಡುಗನಿಗೆ ಇದರಲ್ಲಿ ಅರ್ಧ ಬಂದೇ ಇರುತ್ತದೆ ಎಂಬುದು ನನ್ನ ಅನಿಸಿಕೆ. ಕಲಿಸಬೇಕಾದ್ದು ಉಳಿದರ್ಧ. ಮಿಕ್ಸಿ ತಿರುಗಿದರೆ ರಿಪೇರಿ ಮುಗಿಯಿತು. ರೋಗಿಯ ಮೈಗೆ ತಗಲುವ ಯಂತ್ರ ಹಾಗಲ್ಲ. ಸರಿಯಿರುವ ಸ್ಥಿತಿಯಲ್ಲಿ ಅದರ ಮೈಯಿಂದ ಸೋರುವ ಕರೆಂಟು 100 ಮೈಕ್ರೋಆಂಪಿಯರ್ ದಾಟಬಾರದು ಎಂಬ ಅಂತರರಾಷ್ಟ್ರೀಯ ಮಿತಿಯಿದೆ. ಅಳತೆಯೂ ತಪ್ಪಬಾರದು. ರೋಗಿಗೆ ಔಷಧ ಹರಿಸುವ ಇನ್‌ಫ್ಯೂಷನ್ ಪಂಪನ್ನೇ ನೋಡಿ. ಗಂಟೆಗೆ 60 ಎಂಎಲ್ ಎಂದು ಒತ್ತಿ, ಕೊಳವೆಯ ತುದಿಯನ್ನು ಅಳತೆಯ ಜಾಡಿಗೆ ಬಿಡಿ. ಹತ್ತು ನಿಮಿಷಕ್ಕೆ 10 ಎಂಎಲ್ ಆಸುಪಾಸು ಬೀಳಬೇಕು. ಎಂಟೇ ಬಿದ್ದರೆ ಪರದೆ ಏನೇ ತೋರಿಸಲಿ, ಪಂಪು ವಾರ್ಡಿಗೆ ಹೋಗಕೂಡದು. ನರ್ಸಮ್ಮ ಅವಸರ ಮಾಡಿದರೂ ‘ಈಗ ಕೊಡಲ್ಲ, ಮೇಡಂ’ ಎನ್ನುವ ಧೈರ್ಯವೂ ಪಾಠದ ಭಾಗವೇ.

ನಮ್ಮ ಬಯೋಮೆಡಿಕಲ್ ಪದವಿಗಳಲ್ಲಿ ಸಿಗ್ನಲ್ ಪ್ರೊಸೆಸಿಂಗಿಗೆ ಸಿಗುವ ಮರ್ಯಾದೆ ಸ್ಕ್ರೂಡ್ರೈವರಿಗೆ ಸಿಗುವುದಿಲ್ಲ. ಮಗನನ್ನೋ ಮಗಳನ್ನೋ ಈ ಕೋರ್ಸಿಗೆ ಸೇರಿಸುವವರು ಫೀಸು ಕಟ್ಟುವ ಮೊದಲು ಎರಡು ಮಾತು ವಿಚಾರಿಸಿ: ಲ್ಯಾಬಿನಲ್ಲಿ ಬಿಚ್ಚಲು ಕೊಡುವ ಯಂತ್ರಗಳೆಷ್ಟು? ಆಸ್ಪತ್ರೆಯಲ್ಲಿ ಕೆಲಸ ಮಾಡಿಸುವುದು ಎಷ್ಟು ವಾರ?