ಎರಡು ಕಾಲದ ಎರಡು ಕಾರುಗಳು: ತುಲನೆಯ ಅಳತೆಗೋಲು

ವೇಗಕ್ಕೆಂದೇ ನಿರ್ಮಿತವಾದ ಕಾರುಗಳನ್ನು ಹೋಲಿಸುವವರು ಮೊದಲು ಕೇಳುವುದು, ಯಾವುದು ಹೆಚ್ಚು ವೇಗದ್ದು ಎಂದು. ಅವು ಬೇರೆ ಬೇರೆ ಕಾಲಗಳಿಗೆ ಸೇರಿದ್ದರೆ ಈ ಪ್ರಶ್ನೆಗೆ ಉತ್ತರ ಸುಲಭ; ಅದರಿಂದ ತಿಳಿಯುವುದು ಮಾತ್ರ ಅತ್ಯಲ್ಪ. ಪ್ರತಿಯೊಂದೂ ತನ್ನ ಕಾಲದ ಜ್ಞಾನದ ಮಿತಿಯಲ್ಲಿ ಯಾವ ತೊಡಕನ್ನು ಬಿಡಿಸಿತು, ಯಾವುದನ್ನು ಉಳಿಸಿತು ಎಂಬುದೇ ಇತಿಹಾಸದ ಅಭ್ಯಾಸಿಗಳಾದ ನಾವು ಕೇಳಬೇಕಾದ ಪ್ರಶ್ನೆ. ಇದರ ವಿವೇಚನೆಗಾಗಿ ಜರ್ಮನಿಯ ಮರ್ಸಿಡಿಸ್-ಬೆಂಜ್ ೩೦೦ ಎಸ್.ಎಲ್. ಮತ್ತು ಇಂಗ್ಲೆಂಡಿನ ಮೆಕ್ಲಾರೆನ್ ಎಫ್-೧ ಕಾರುಗಳನ್ನು ಆರಿಸಿಕೊಂಡಿದ್ದೇವೆ.

೩೦೦ ಎಸ್.ಎಲ್. ೧೯೫೪ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಬೆಳಕಿಗೆ ಬಂದಿತು. ೧೯೫೨ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದ ಸ್ಪರ್ಧಾವಾಹನವೇ ಅದರ ಮೂಲ. ಹಗುರವೂ ದೃಢವೂ ಆಗಿರಲೆಂದು ಅದರ ಚೌಕಟ್ಟನ್ನು ಉಕ್ಕಿನ ಕೊಳವೆಗಳನ್ನು ಬೆಸೆದು ಕಟ್ಟಿದ್ದರು. ಈ ಚೌಕಟ್ಟು ಇಕ್ಕೆಲಗಳಲ್ಲಿಯೂ ಎತ್ತರವಾಗಿದ್ದುದರಿಂದ ಸಾಧಾರಣ ಬಾಗಿಲಿಗೆ ಎಡೆಯಿರಲಿಲ್ಲ; ಆದಕಾರಣ ಛಾವಣಿಗೆ ಕೀಲುಗಳನ್ನಿಟ್ಟು ಮೇಲಕ್ಕೆ ತೆರೆಯುವ ಬಾಗಿಲುಗಳನ್ನು ಜೋಡಿಸಿದರು. ಇಂದು ಅಲಂಕಾರವೆಂದು ತೋರುವ ಆ ರೆಕ್ಕೆಬಾಗಿಲು ಅಂದಿನ ಅನಿವಾರ್ಯತೆಯ ಫಲ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ಮೂರು ಲೀಟರಿನ ಎಂಜಿನ್ನಿನಿಂದ, ಗೇರಿನ ಅನುಪಾತಕ್ಕನುಸಾರವಾಗಿ, ಗಂಟೆಗೆ ೨೬೦ ಕಿಲೋಮೀಟರುಗಳವರೆಗೂ ವೇಗ ದೊರೆಯುತ್ತಿತ್ತು. ಬ್ರೇಕುಗಳಾದರೋ ಹಳೆಯ ಡ್ರಮ್ ಮಾದರಿಯವು. ಡಿಸ್ಕ್ ಬ್ರೇಕುಗಳು ಪಂದ್ಯಗಳಲ್ಲಿ ಆಗಲೇ ಕಾಣಿಸಿಕೊಂಡಿದ್ದರೂ ರಸ್ತೆಯ ಕಾರುಗಳಲ್ಲಿ ರೂಢಿಗೆ ಬಂದಿರಲಿಲ್ಲ. ಈ ಕಾರಿನ ತೆರೆದ ಮಾದರಿಗೆ ಅವು ಬಂದುದು ೧೯೬೧ರಲ್ಲಿ. ಓಡುವ ಶಕ್ತಿ ಮುಂದೆ ಸಾಗಿತ್ತು. ನಿಲ್ಲಿಸುವ ಶಕ್ತಿ ಹಿಂದೆ ಉಳಿದಿತ್ತು.

ಗೋರ್ಡನ್ ಮರ್ರಿಯವರು ರೂಪಿಸಿದ ಎಫ್-೧ ಲೋಕಕ್ಕೆ ಪ್ರಕಟವಾದುದು ೧೯೯೨ರಲ್ಲಿ. ಉಕ್ಕಿನ ಕೊಳವೆಗಳ ಸ್ಥಾನದಲ್ಲಿ ಇಲ್ಲಿ ಇಂಗಾಲದ ಎಳೆಗಳಿಂದ ರಚಿಸಿದ ಏಕಖಂಡ ಒಡಲು. ೧೯೮೧ರಲ್ಲಿ ಅದೇ ಸಂಸ್ಥೆಯ ಸ್ಪರ್ಧಾವಾಹನದಲ್ಲಿ ಬಳಕೆಗೆ ಬಂದಿದ್ದ ವಿಧಾನ. ಚಾಲಕನ ಆಸನ ನಟ್ಟನಡುವೆ. ೬.೧ ಲೀಟರಿನ, ಹನ್ನೆರಡು ಸಿಲಿಂಡರುಗಳ ಬಿ.ಎಂ.ಡಬ್ಲ್ಯೂ. ಎಂಜಿನ್ನಿನ ಬಲದಿಂದ ಅದು ೧೯೯೮ರಲ್ಲಿ ಗಂಟೆಗೆ ೩೮೬ ಕಿಲೋಮೀಟರುಗಳ ವೇಗವನ್ನು ಮುಟ್ಟಿತು. ಬ್ರೇಕುಗಳು ಡಿಸ್ಕ್ ಮಾದರಿಯವೇ. ಆದರೆ ಚಕ್ರಗಳು ಬಿಗಿದು ಜಾರದಂತೆ ತಡೆಯುವ ವಿದ್ಯುನ್ಮಾನ ಸಾಧನವನ್ನು ಇದಕ್ಕೆ ಅಳವಡಿಸಲಿಲ್ಲ. ಅಂತಹ ಸಾಧನ ೧೯೭೮ರಿಂದಲೇ ಮರ್ಸಿಡಿಸ್ ಕಾರುಗಳಲ್ಲಿ ದೊರೆಯುತ್ತಿತ್ತೆಂಬುದು ಇಲ್ಲಿ ಗಮನಾರ್ಹ.

ಹೀಗೆ ಎರಡು ಕಾರುಗಳಲ್ಲಿಯೂ ಪ್ರಾಣರಕ್ಷಣೆಯ ಹೊಣೆಯ ಬಹುಭಾಗ ಚಾಲಕನ ಪಾದದ ಮೇಲೆಯೇ ಬಿದ್ದಿತು. ಆದರೆ ಮೊದಲನೆಯದರಲ್ಲಿ ಅದು ಬಹುಮಟ್ಟಿಗೆ ಕಾಲದ ಮಿತಿ. ಎರಡನೆಯದರಲ್ಲಿ ನಿರ್ಮಾಪಕನ ಸಂಕಲ್ಪ. ಹೊರನೋಟಕ್ಕೆ ಒಂದೇ ಆಗಿ ಕಾಣುವ ಕೊರತೆಗೆ ಎರಡು ಕಾಲಗಳಲ್ಲಿ ಎರಡು ಅರ್ಥ. ವೇಗದ ಅಂಕಿಗಳನ್ನು ಮಾತ್ರ ಹೋಲಿಸುವವರಿಗೆ ಈ ಭೇದ ಗೋಚರಿಸದು. ವಸ್ತುವೊಂದರಲ್ಲಿ ಇರುವುದನ್ನು ಎಣಿಸಿದರೆ ಸಾಲದು. ಇಲ್ಲದಿರುವುದು ಏಕೆ ಇಲ್ಲವೆಂಬುದನ್ನೂ ವಿಚಾರಿಸಿದಾಗಲೇ ತುಲನೆಯು ಇತಿಹಾಸವೆನಿಸುತ್ತದೆ.