ಬೀಳುವ ಮುನ್ನ ಮಾಳಿಗೆಯ ಪರೀಕ್ಷೆ

ಆಳಂದ ತಾಲ್ಲೂಕಿನ ಮಟಕಿಯಂತಹ ಊರುಗಳಲ್ಲಿ ಉತ್ತರೆ ಹಸ್ತಗಳ ಮಳೆ ಮೂರು ನಾಲ್ಕು ದಿನ ಬಿಡದೆ ಹಿಡಿಯಿತೆಂದರೆ, ಎಲ್ಲಿಯೋ ಒಂದು ಓಣಿಯಲ್ಲಿ ಹಳೆಯ ಮಾಳಿಗೆಯೊಂದು ಕುಸಿಯುತ್ತದೆ; ಮರುದಿನ ಗ್ರಾಮ ಆಡಳಿತಾಧಿಕಾರಿಗಳೂ ಪಂಚಾಯಿತಿಯ ಅಧಿಕಾರಿಗಳೂ ಅಭಿಯಂತರರೂ ಬರುತ್ತಾರೆ, ಬಿದ್ದ ಗೋಡೆಯ ಚಿತ್ರ ತೆಗೆಯುತ್ತಾರೆ, ಪಂಚರ ಸಮಕ್ಷಮ ಪಂಚನಾಮೆ ಬರೆಯುತ್ತಾರೆ. ನಾಶವು ಎಷ್ಟೆಂಬುದನ್ನು ಅಳೆಯುವುದಕ್ಕೆ ನಮ್ಮಲ್ಲಿ ಕ್ರಮಬದ್ಧವಾದ ವ್ಯವಸ್ಥೆಯಿದೆ. 2019ರ ಪ್ರವಾಹದ ತರುವಾಯ ರಾಜ್ಯದಲ್ಲಿ ಅನುಸರಿಸಿದ ಪದ್ಧತಿಯಂತೆ ಮುಕ್ಕಾಲು ಪಾಲಿಗೂ ಮಿಕ್ಕಿ ಹಾಳಾದ ಮನೆ ‘ಎ’ ವರ್ಗಕ್ಕೂ, ಕಾಲು ಭಾಗದಿಂದ ಮುಕ್ಕಾಲರವರೆಗೆ ಹಾಳಾದುದು ‘ಬಿ’ ವರ್ಗಕ್ಕೂ, ಅದಕ್ಕಿಂತ ಕಡಿಮೆಯದು ‘ಸಿ’ ವರ್ಗಕ್ಕೂ ಸೇರಿತು. ಪರಿಹಾರ ಕೊಡುವುದಕ್ಕೆ ಇಂತಹ ಅಳತೆ ಅವಶ್ಯವೇ ಸರಿ. ಆದರೆ ಮನೆ ನಿಂತಿರುವಾಗಲೇ, ಅದರೊಳಗೆ ಮಕ್ಕಳು ಮಲಗಿರುವಾಗಲೇ, ಅದರ ತೊಲೆ ಜಂತಿಗಳು ಎಂತಹ ಸ್ಥಿತಿಯಲ್ಲಿವೆ ಎಂಬುದನ್ನು ಬಲ್ಲವರಿಂದ ನೋಡಿಸಿ ಬರೆಸಿಟ್ಟುಕೊಳ್ಳುವ ಪದ್ಧತಿ ಮಾತ್ರ ನಮ್ಮ ಹಳ್ಳಿಗಳಲ್ಲಿ ಬೇರೂರಿಲ್ಲ. ಬಿದ್ದ ಮೇಲೆ ನಡೆಯುವ ಸರ್ವೆಗಿಂತ ಬೀಳುವ ಮುನ್ನ ನಡೆಯಬೇಕಾದ ಪರೀಕ್ಷೆಯೇ ಹೆಚ್ಚು ಜೀವಗಳನ್ನು ಉಳಿಸಬಲ್ಲುದೆಂಬ ದೃಢವಾದ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮಣ್ಣಿನ ಮಾಳಿಗೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವೈಶಾಖದ ಬಿಸಿಲು 40 ಡಿಗ್ರಿಯನ್ನು ಮೀರಿ ಏರುವ ಈ ಸೀಮೆಯಲ್ಲಿ, ಎರಡು ಮೂರು ಅಡಿ ದಪ್ಪದ ಕಲ್ಲುಗೋಡೆಗಳ ನಡುವೆ, ಮಣ್ಣು ಹೊದ್ದ ಮಾಳಿಗೆಯ ಕೆಳಗಿನ ಪಡಸಾಲೆಯಲ್ಲಿ ಮಧ್ಯಾಹ್ನ ಕಳೆದವರಿಗೆ, ನಮ್ಮ ಪೂರ್ವಿಕರ ಬುದ್ಧಿವಂತಿಕೆಯ ಬಗ್ಗೆ ಬೇರೆ ಪ್ರಮಾಣ ಬೇಕಾಗುವುದಿಲ್ಲ. ಕಂಬಗಳ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳ ಮೇಲೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಒತ್ತಾಗಿ ಜೋಡಿಸಿದ ಕಟ್ಟಿಗೆ, ಅದರ ಮೇಲೆ ಸೊಪ್ಪುಸದೆಯ ಹಾಸು, ಎಲ್ಲಕ್ಕೂ ಮೇಲೆ ತುಳಿದು ಗಟ್ಟಿಮಾಡಿದ ಮಣ್ಣು; ಬೆಳಕಿಗಾಗಿ ಅಲ್ಲಲ್ಲಿ ಬೆಳಕಿಂಡಿ, ಮಳೆನೀರು ಹೊರಕ್ಕೆ ಬೀಳುವುದಕ್ಕಾಗಿ ಅಂಚಿನಲ್ಲಿ ದೋಣಿ. ಇಷ್ಟೇ ಅದರ ರಚನೆ. ಮೃಗಶಿರೆ ಕೂಡುವ ಮೊದಲು, ಅಂದರೆ ಜೂನ್ ತಿಂಗಳ ಮೊದಲ ವಾರದೊಳಗಾಗಿ, ಮಾಳಿಗೆಯನ್ನು ಹಸನುಮಾಡಿ ಬಿರುಕು ಬಿಟ್ಟಲ್ಲಿ ಹೊಸ ಮಣ್ಣು ಹಾಕುವುದು ಒಕ್ಕಲುತನದ ಕೆಲಸಗಳಲ್ಲಿ ಒಂದಾಗಿಯೇ ನಡೆದುಬಂದಿತ್ತು.

ಈ ವಾರ್ಷಿಕ ಸಂಸ್ಕಾರವೇ, ವಿಚಾರವಿಲ್ಲದೆ ನಡೆದಾಗ, ಮನೆಗೆ ಅಪಾಯವಾಗಿ ಪರಿಣಮಿಸುತ್ತದೆ. ಹತ್ತು ಅಡಿ ಅಗಲ ಹನ್ನೆರಡು ಅಡಿ ಉದ್ದದ ಒಂದು ಅಂಕಣವನ್ನು ತೆಗೆದುಕೊಳ್ಳಿ. ಅದರ ಮೇಲೆ ಒಂದಡಿ ಮಣ್ಣಿದ್ದರೆ ಅದು 120 ಘನ ಅಡಿಯಾಯಿತು. ಗಟ್ಟಿಮಾಡಿದ ಒಣ ಮಣ್ಣಿನ ತೂಕ ಘನ ಅಡಿಗೆ ಸುಮಾರು 45 ಕಿಲೋ ಎಂದು ಹಿಡಿದರೂ ಒಟ್ಟು ಭಾರ 5,400 ಕಿಲೋ, ಅಂದರೆ ಕ್ವಿಂಟಾಲಿನ 54 ಚೀಲ ತೊಗರಿಯನ್ನು ತಲೆಯ ಮೇಲೆ ಒಟ್ಟಿಕೊಂಡು ಮಲಗಿದಂತೆ. ಮಳೆ ಹಿಡಿದು ಮಣ್ಣು ನೀರು ಕುಡಿದಾಗ ಅದೇ ಘನ ಅಡಿ 55 ಕಿಲೋಗೆ ಏರಬಹುದು. ಆಗ ಇನ್ನೂ ಹನ್ನೆರಡು ಚೀಲದ ಭಾರ ಯಾರ ಕಣ್ಣಿಗೂ ಬೀಳದಂತೆ ಮೇಲೆ ಬಂದು ಕೂತಿರುತ್ತದೆ. ಸೋರುವಿಕೆಯನ್ನು ತಡೆಯುವುದಕ್ಕೆಂದು ಹಾಕುವ ಒಂದೇ ಅಂಗುಲದ ಹೊಸ ಮಣ್ಣು ಈ ಅಂಕಣಕ್ಕೆ ನಾಲ್ಕೂವರೆ ಕ್ವಿಂಟಾಲು ಸೇರಿಸುತ್ತದೆ. ಹಳೆಯದನ್ನು ಕೆರೆದು ತೆಗೆಯದೆ ಹೊಸದನ್ನೇ ಹಾಕುತ್ತ ಬಂದ ಮನೆಗಳಲ್ಲಿ ಮಣ್ಣಿನ ದಪ್ಪ ಎರಡಡಿಯನ್ನು ಮುಟ್ಟುವುದುಂಟು. ಅಜ್ಜನ ಕಾಲಕ್ಕೆ ಹೊಸದಾಗಿದ್ದ ತೊಲೆ ಮೊಮ್ಮಗನ ಕಾಲಕ್ಕೆ ಇಮ್ಮಡಿ ಭಾರವನ್ನು ಹೊರುತ್ತಿರುವುದು, ಅದೂ ಗೆದ್ದಲು ತಿಂದು ಮಿಕ್ಕ ಮೈಯಿಂದ!

ಭಾರವಾದ ಮಾಳಿಗೆಯೂ ಸಡಿಲವಾದ ಗೋಡೆಯೂ ಕೂಡಿದಾಗ ಏನಾಗುವುದೆಂಬುದನ್ನು ಆಳಂದದ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಕಳುಹಿಸಿ ಜನ ದಣಿದು ಮಲಗಿದ್ದ ಹೊತ್ತಿನಲ್ಲಿ, ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಕಂಪನದ ಪ್ರಮಾಣ 6.2; ಸತ್ತವರು ಹತ್ತು ಸಾವಿರದ ಸಮೀಪ. ಅಂದಿನ ಗುಲ್ಬರ್ಗಾ, ಬೀದರ ಜಿಲ್ಲೆಗಳೂ ಅಲುಗಿದವು. ಆ ಪ್ರಮಾಣದ ಕಂಪನಕ್ಕೆ ಅಷ್ಟು ಜನ ಸತ್ತುದಕ್ಕೆ ಮುಖ್ಯ ಕಾರಣ, ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲಿನ ಮಣ್ಣಿನ ಭಾರವೂ ಎಂದು ಅಲ್ಲಿಗೆ ಹೋಗಿ ನೋಡಿದ ತಜ್ಞರು ಕಂಡುಕೊಂಡರು. ಗಟ್ಟಿಯಾದ ಮರದ ಕಂಬಗಳು ಮಾಳಿಗೆಯನ್ನು ಹೊತ್ತಿದ್ದ ಎಷ್ಟೋ ಮನೆಗಳಲ್ಲಿ ಗೋಡೆ ಬಿದ್ದರೂ ಕಂಬ ತೊಲೆಗಳ ಚೌಕಟ್ಟು ನಿಂತೇ ಇತ್ತು. ಆ ಸೀಮೆಯ ಮನೆಗಳೂ ನಮ್ಮ ಸೀಮೆಯ ಮನೆಗಳೂ ಒಂದೇ ಕುಲದವು. ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ 2021ರ ಅಕ್ಟೋಬರಿನಲ್ಲಿ ಮೇಲಿಂದ ಮೇಲೆ ಕಂಪನಗಳಾದಾಗ ಜನ ಮನೆ ಬಿಟ್ಟು ಬಯಲಿನಲ್ಲಿ ರಾತ್ರಿ ಕಳೆದರು. ತಲೆಯ ಮೇಲಿನ ಭಾರ ಎಷ್ಟೆಂಬುದು ಅವರಿಗೆ ಗೊತ್ತಿತ್ತು.

ಹಾಗಾದರೆ ಪರೀಕ್ಷೆ ಎಂದರೇನು? ಅದು ಮನೆಯ ಹಿರಿಯ ಹೆಣ್ಣುಮಗಳನ್ನು ಮಾತನಾಡಿಸುವುದರಿಂದ ಆರಂಭವಾಗತಕ್ಕದ್ದು. “ಯವ್ವಾ, ಎಲ್ಲೆಲ್ಲಿ ಸೋರ್ತದ?” ಎಂದು ಕೇಳಿದರೆ, “ಹ್ವಾದ ವರ್ಷ ಮೂಲ್ಯಾಗ ಸೋರ್ತಿತ್ತು, ಈ ವರ್ಷ ದೇವ್ರ ಮನ್ಯಾಗ ಸೋರ್ಲತ್ತದ” ಎಂಬ ಉತ್ತರ ಬರುತ್ತದೆ. ಯಾವ ಯಂತ್ರವೂ ಕೊಡಲಾರದ ಸಾಕ್ಷ್ಯವದು. ನೀರು ತೊಟ್ಟಿಕ್ಕುವ ಸ್ಥಳವೇ ನೀರು ಒಳಹೊಕ್ಕ ಸ್ಥಳವಲ್ಲ. ಮೇಲೆ ಒಂದು ಬಿರುಕಿನಲ್ಲಿ ಇಳಿದ ನೀರು ಹಲಗೆಯ ಬೆನ್ನಿನ ಮೇಲೆ ಹರಿದು, ಜಂತಿಯನ್ನು ಹಿಡಿದು, ಐದಾರು ಅಡಿ ಆಚೆ ಹೊರಬೀಳುವುದು ಸಾಮಾನ್ಯ. ಸೋರುವ ಜಾಗ ವರ್ಷದಿಂದ ವರ್ಷಕ್ಕೆ ಸರಿದಿದೆಯೆಂದರೆ ಮಾಳಿಗೆಯ ಇಳಿಜಾರೇ ಬದಲಾಗಿದೆ, ಅಂದರೆ ಯಾವುದೋ ತೊಲೆ ಬಾಗಿದೆ ಎಂದು ಬಲ್ಲವನು ಸಂಶಯಪಡುತ್ತಾನೆ.

ಸಂಶಯವನ್ನು ಪರಿಹರಿಸುವುದಕ್ಕೆ ಒಂದು ದಾರ ಸಾಕು. ತೊಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅದನ್ನು ಬಿಗಿಯಾಗಿ ಹಿಡಿದು, ಮಧ್ಯದಲ್ಲಿ ತೊಲೆ ಎಷ್ಟು ಇಳಿದಿದೆಯೆಂದು ಅಳೆಯಬೇಕು. ಮರದ ತೊಲೆಗೆ ಸಾಮಾನ್ಯವಾಗಿ ಒಪ್ಪಿರುವ ಮಿತಿ ಉದ್ದದ 240ರಲ್ಲಿ ಒಂದಂಶ. ಹತ್ತಡಿಯ ತೊಲೆಗೆ ಅದು ಅರ್ಧ ಅಂಗುಲ. ಹಳೆಯ ಮರ ದೀರ್ಘಕಾಲದ ಭಾರದಿಂದ ಇದಕ್ಕಿಂತ ಹೆಚ್ಚು ಬಾಗಿಯೂ ನೆಮ್ಮದಿಯಾಗಿ ನಿಂತಿರುವುದುಂಟಾದ್ದರಿಂದ, ಒಮ್ಮೆ ಅಳೆದು ಹೆದರುವುದಕ್ಕಿಂತ, ಅಳತೆಯನ್ನೂ ತಾರೀಖನ್ನೂ ಬರೆದಿಟ್ಟು ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಅಳೆಯುವುದು ಲೇಸು. ಬಾಗು ಬೆಳೆಯುತ್ತಿದ್ದರೆ ತಡಮಾಡತಕ್ಕದ್ದಲ್ಲ.

ಆದರೆ ತೊಲೆಗೆ ಮೃತ್ಯು ಬರುವುದು ಬಹುಮಟ್ಟಿಗೆ ನಡುವಿನಿಂದಲ್ಲ, ಗೋಡೆಯೊಳಗೆ ಅಡಗಿದ ತುದಿಯಿಂದ. ಗೋಡೆಯ ತೇವವನ್ನು ಹೀರಿ, ಗಾಳಿಯಿಲ್ಲದೆ, ಗೆದ್ದಲಿಗೆ ದಾರಿಯಾಗಿ, ಆ ತುದಿ ಒಳಗೊಳಗೇ ಜೊಳ್ಳಾಗುತ್ತದೆ. ಹೊರಗೆ ನೋಡುವವರಿಗೆ ಬಣ್ಣ ಹಚ್ಚಿದ ತೊಲೆ ಅಂದವಾಗಿಯೇ ಕಾಣುತ್ತದೆ. ಆದಕಾರಣ ಪರೀಕ್ಷಕನು ಗೋಡೆಯಂಚಿನಲ್ಲಿ ಮರವನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನಾದವನ್ನು ಕೇಳುತ್ತಾನೆ, ಚೂಪಾದ ಉಳಿಯಿಂದ ಚುಚ್ಚಿ ನೋಡುತ್ತಾನೆ. ಗಟ್ಟಿ ಮರ ಖಣಿಲೆನ್ನುತ್ತದೆ, ಉಳಿಯನ್ನು ತಡೆಯುತ್ತದೆ. ಕೊಳೆತ ಮರ ಮಂದವಾಗಿ ಸದ್ದುಮಾಡಿ ಉಳಿಯನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಹತ್ತಂಗುಲ ಎತ್ತರದ ತೊಲೆ ಎರಡಂಗುಲವನ್ನು ಕೊಳೆತಕ್ಕೆ ಕಳೆದುಕೊಂಡರೆ ಐದರಲ್ಲಿ ಒಂದು ಪಾಲು ಬಲ ಹೋಯಿತೆಂದು ತೋರುವುದು ಸಹಜ. ವಾಸ್ತವದಲ್ಲಿ ತೊಲೆಯ ಬಲ ಅದರ ಎತ್ತರದ ವರ್ಗಕ್ಕೆ ಅನುಸಾರವಾಗಿರುವುದರಿಂದ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ನಷ್ಟವಾಗಿರುತ್ತದೆ.

ಗೋಡೆಯ ಮಾತೂ ಮಾಳಿಗೆಯ ಮಾತೇ. ಒಳಮುಖಕ್ಕೊಂದು ಸಾಲು, ಹೊರಮುಖಕ್ಕೊಂದು ಸಾಲು ಕಲ್ಲಿಟ್ಟು, ನಡುವೆ ಮಣ್ಣು ಚೂರುಗಲ್ಲು ತುಂಬಿದ ಗೋಡೆಗೆ, ಎರಡು ಮುಖಗಳನ್ನೂ ಹಿಡಿದುಕೊಳ್ಳುವ ಉದ್ದಗಲ್ಲುಗಳು ಇಲ್ಲದಿದ್ದರೆ, ಮೇಲಿನಿಂದ ಇಳಿದ ನೀರು ನಡುವಿನ ಮಣ್ಣನ್ನು ಉಬ್ಬಿಸಿ ಮುಖಗಳನ್ನು ಬೇರ್ಪಡಿಸುತ್ತದೆ. ‘ಗೋಡಿ ಹೊಟ್ಟಿ ಬಿಟ್ಟದ’ ಎಂದು ಊರವರು ಹೇಳುವ ಸ್ಥಿತಿ ಅದು. ತೂಗುಗುಂಡು ಹಿಡಿದರೆ ಈ ಉಬ್ಬು ಎಷ್ಟೆಂಬುದು ತಿಳಿಯುತ್ತದೆ. ಬಿರುಕಿದ್ದಲ್ಲಿ ಅದರ ಅಡ್ಡಕ್ಕೆ ಗಾಜಿನ ತೆಳುಪಟ್ಟಿಯೊಂದನ್ನು ಎರಡು ತುದಿಗೂ ಸಿಮೆಂಟಿನಿಂದ ಅಂಟಿಸಿ ತಾರೀಖು ಬರೆದರೆ, ಗೋಡೆ ಕದಲಿದ ದಿನ ಗಾಜು ಒಡೆದು ಸುದ್ದಿ ಹೇಳುತ್ತದೆ. ಬೇಸಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಉಬ್ಬುವ ಎರೆಭೂಮಿಯ ಮೇಲೆ ತಳಪಾಯ ನಿಂತ ಮನೆಗಳಲ್ಲಿ ಇಂತಹ ಬಿರುಕುಗಳು ಋತುವಿಗೆ ತಕ್ಕಂತೆ ಅಗಲವಾಗಿ ಕಿರಿದಾಗುವುದುಂಟು. ಆದುದರಿಂದಲೇ ಒಂದು ದಿನದ ನೋಟದಿಂದ ತೀರ್ಪು ಕೊಡಲಾಗದು.

ಇಲ್ಲಿ ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ಊರುಗಳಲ್ಲಿ ಮನೆಗಳು ಒಂದಕ್ಕೊಂದು ಆತುಕೊಂಡಿವೆ. ನಡುವಣ ಗೋಡೆ ಇಬ್ಬರಿಗೂ ಸೇರಿದ್ದು. ಪುಣೆಗೋ ಮುಂಬಯಿಗೋ ದುಡಿಯಲು ಹೋದವರ ಮನೆಗೆ ಬೀಗ ಬಿದ್ದು ವರ್ಷಗಳಾಗಿರುತ್ತವೆ; ಅದರ ಮಾಳಿಗೆಯ ಮೇಲೆ ಹುಲ್ಲು ಬೆಳೆದು, ದೋಣಿ ಮುಚ್ಚಿ, ನಿಂತ ನೀರೆಲ್ಲ ನಡುಗೋಡೆಗೆ ಇಳಿಯುತ್ತಿರುತ್ತದೆ. ತನ್ನ ಮಾಳಿಗೆಯನ್ನು ಎಷ್ಟು ಜೋಪಾನ ಮಾಡಿದರೂ ಪಕ್ಕದ ಮನೆಯವನಿಗೆ ಈ ನೀರಿನಿಂದ ಬಿಡುಗಡೆಯಿಲ್ಲ. ಪಕ್ಕದ ಮಾಳಿಗೆಯನ್ನು ಹತ್ತಿ ನೋಡದ ಪರೀಕ್ಷೆ ಅರ್ಧ ಪರೀಕ್ಷೆ. ಬೀಗದ ಮನೆಯವರಿಗೆ ಪಂಚಾಯಿತಿಯ ಮೂಲಕ ತಿಳಿಸಿ ಒಪ್ಪಿಗೆ ಪಡೆಯುವುದು ಕಷ್ಟವಾದರೂ ಅಗತ್ಯವಾದ ಕೆಲಸ.

ಎಲ್ಲ ಮನೆಗಳೂ ಮಣ್ಣಿನವಲ್ಲವಷ್ಟೆ. ಶಹಾಬಾದಿನ ಫರ್ಶಿಕಲ್ಲು ಹಾಸಿದ ಮಾಳಿಗೆಯಲ್ಲಿ ಕಲ್ಲಿನ ಕೆಳಮುಖವನ್ನು ದೀಪ ಹಿಡಿದು ನೋಡಬೇಕು. ಮರ ಬಾಗಿ ಎಚ್ಚರಿಕೆ ಕೊಡುತ್ತದೆ, ಕಲ್ಲು ಕೊಡದು, ಕೂದಲೆಳೆಯ ಸೀಳಿನಿಂದ ಒಮ್ಮೆಲೇ ತುಂಡಾಗುತ್ತದೆ. ಪತ್ರಾಸಿನ ಮನೆಗೆ ಭಾರದ ಭಯವಿಲ್ಲ, ಗಾಳಿಯ ಭಯ. ಮುಂಗಾರಿಗೆ ಮೊದಲಿನ ಬಿರುಗಾಳಿ ಅದನ್ನು ಕೆಳಗಿನಿಂದ ಎತ್ತುವುದರಿಂದ, ಕೊಕ್ಕೆ ಬೋಲ್ಟುಗಳು ತುಕ್ಕು ಹಿಡಿದಿವೆಯೇ, ಅಡ್ಡಪಟ್ಟಿಗಳು ಗೋಡೆಗೆ ಬಿಗಿದಿವೆಯೇ ಎಂಬುದೇ ಮುಖ್ಯ. ಮೇಲೆ ಹೇರಿದ ಕಲ್ಲುಗುಂಡುಗಳನ್ನು ನೆಚ್ಚುವುದು ತರವಲ್ಲ, ಪತ್ರಾಸು ಹಾರಿದರೆ ಅವೇ ತಲೆಯ ಮೇಲೆ ಬೀಳುತ್ತವೆ. ಇನ್ನು ಸಿಮೆಂಟಿನ ಛತ್ತು: ಅದಕ್ಕೆ ಸಾವಿಲ್ಲವೆಂಬ ಭ್ರಮೆ ನಮ್ಮಲ್ಲಿ ಬೆಳೆದಿದೆ. ಒಳಗಿನ ಸರಳು ತುಕ್ಕು ಹಿಡಿದಾಗ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗವನ್ನು ಬೇಡುತ್ತದೆ, ಸುತ್ತಣ ಕಾಂಕ್ರೀಟನ್ನು ಒಡೆದು ಕೆಡಹುತ್ತದೆ. ಉದುರಿದ ಜಾಗಕ್ಕೆ ಗಿಲಾವು ಬಳಿದು ಬಣ್ಣ ಹಚ್ಚುವುದು ರೋಗವನ್ನು ಮುಚ್ಚಿಡುವುದೇ ಹೊರತು ಚಿಕಿತ್ಸೆಯಲ್ಲ.

ನೋಡುವವರು ಯಾರು? ಇಂಗ್ಲೆಂಡಿನಲ್ಲಿ ಭೂಮಿ ಕಟ್ಟಡಗಳ ಪರೀಕ್ಷಕರ ಸಂಸ್ಥೆ 1868ರಲ್ಲಿಯೇ ಹುಟ್ಟಿತು. ಹಳೆಯ ಮನೆ ಕೊಳ್ಳುವವನು ಅಲ್ಲಿ ಮೊದಲು ಪರೀಕ್ಷಕನ ವರದಿಯನ್ನು ಬಯಸುತ್ತಾನೆ. ಅದಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ನೆದರ್ಲೆಂಡಿನ ಏರ್ಪಾಡು: 1973ರಲ್ಲಿ ಅಲ್ಲಿ ಆರಂಭವಾದ ‘ಮೊನುಮೆಂಟೆನ್‌ವಾಖ್ಟ್’ ಎಂಬ ಸಂಸ್ಥೆಯ ಪರೀಕ್ಷಕರು ಸದಸ್ಯರ ಹಳೆಯ ಕಟ್ಟಡಗಳಿಗೆ ನಿಯತವಾಗಿ ಭೇಟಿಕೊಟ್ಟು, ಛಾವಣಿಯನ್ನು ಹತ್ತಿ, ಸಣ್ಣಪುಟ್ಟ ದುರಸ್ತಿಯನ್ನು ಅಲ್ಲಿಯೇ ಮಾಡಿ, ಯಾವ ಕೆಲಸ ತುರ್ತಿನದು, ಯಾವುದು ತಡೆದರೆ ನಡೆದೀತು ಎಂಬುದನ್ನು ಬರೆದುಕೊಟ್ಟು ಹೋಗುತ್ತಾರೆ. ನಮ್ಮಲ್ಲಿ ಇಂತಹುದು ಅಸಾಧ್ಯವೆನ್ನಲು ಕಾರಣವಿಲ್ಲ. ಆಳಂದದಿಂದ ಸುಮಾರು 40 ಕಿ.ಮೀ. ದೂರದ ಕಲಬುರಗಿಯಲ್ಲಿ 1958ರಲ್ಲಿ ಸ್ಥಾಪನೆಯಾದ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜು ಇದೆ. ಖಾಸಗಿಯಾಗಿ ಕೆಲಸ ಮಾಡುವ ಸಿವಿಲ್ ಇಂಜಿನಿಯರುಗಳು ತಾಲ್ಲೂಕು ಸ್ಥಳದಲ್ಲಿಯೇ ಸಿಗುತ್ತಾರೆ. ಆದರೆ ಕಾಂಕ್ರೀಟನ್ನು ಮಾತ್ರ ಓದಿದ ತರುಣ ಇಂಜಿನಿಯರನಿಗೆ ಮಣ್ಣಿನ ಮಾಳಿಗೆಯ ಒಳಗುಟ್ಟು ತಿಳಿದಿರುವುದು ವಿರಳ. ಊರಿನ ಮುದಿ ಗೌಂಡಿಗೂ ಬಡಿಗನಿಗೂ ಅದು ತಿಳಿದಿದೆ, ಆದರೆ ಭಾರದ ಲೆಕ್ಕ ಅವರಿಗೆ ಬಾರದು. ಈ ಮೂವರನ್ನೂ ಒಂದೇ ಹೊತ್ತಿಗೆ ಮನೆಗೆ ಕರೆಯಿಸುವುದು ಉತ್ತಮ. ಹೊಸ ಮನೆ ಕಟ್ಟುವ ಗುತ್ತಿಗೆಯ ಆಸೆಯುಳ್ಳವನಿಂದ ಮಾತ್ರ ಹಳೆಯ ಮನೆಯ ಪರೀಕ್ಷೆ ಮಾಡಿಸಬಾರದು.

ಯುಗಾದಿ ಕಳೆದ ಮೇಲಿನ ದಿನಗಳು ಇದಕ್ಕೆ ಪ್ರಶಸ್ತ, ಏಕೆಂದರೆ ಮಣ್ಣು ಒಣಗಿ ಹಗುರಾಗಿರುತ್ತದೆ, ಮೃಗಶಿರೆಯೊಳಗೆ ದುರಸ್ತಿಗೆ ಅವಕಾಶವೂ ಇರುತ್ತದೆ. ವರದಿಯನ್ನು ಬಾಯಿಮಾತಿನಲ್ಲಿ ಕೇಳಿ ಬಿಡದೆ ಬರೆಸಿಕೊಳ್ಳಬೇಕು: ಅಂಕಣವಾರು ನಕ್ಷೆ, ಪ್ರತಿ ತೊಲೆಗೊಂದು ಅಂಕೆ, ಅದರ ಬಾಗು, ತುದಿಯ ಸ್ಥಿತಿ, ಮಣ್ಣಿನ ದಪ್ಪ, ಚಿತ್ರಗಳು, ಕೊನೆಗೆ, ಯಾವ ಕೋಣೆಯಲ್ಲಿ ಈ ಮಳೆಗಾಲ ಮಲಗಬಾರದು ಎಂಬ ಸ್ಪಷ್ಟವಾದ ಮಾತು. ಹೆಚ್ಚಿನ ಮನೆಗಳಿಗೆ ಮೊದಲ ಚಿಕಿತ್ಸೆ ದುಬಾರಿಯದಲ್ಲ. ತೊಲೆಗಳ ಕೆಳಗೆ ಗಟ್ಟಿಯಾದ ಊರೆಗಂಬ ಕೊಟ್ಟು, ಒಳಗಿರುವವರನ್ನು ಹೊರಗೆ ಕಳುಹಿಸಿ, ವರ್ಷಗಳಿಂದ ಕೂಡಿದ ಮಣ್ಣನ್ನು ಒಂದೇ ಕಡೆಯಿಂದ ಅಗೆಯದೆ ಮಾಳಿಗೆಯುದ್ದಕ್ಕೂ ಸಮನಾಗಿ ಪದರ ಪದರವಾಗಿ ಇಳಿಸಬೇಕು. ತೆಗೆದ ಮಣ್ಣನ್ನು ಕುಂಬಿಯ ಬುಡದಲ್ಲಿ ಒಟ್ಟದೆ ಆಗಿಂದಾಗ್ಗೆ ಕೆಳಗೆ ಸಾಗಿಸಬೇಕು. ಹಲಗೆ ಕಂಡ ಮೇಲೆ ಕೊಳೆತ ಜಂತಿಗಳನ್ನು ಬದಲಿಸಿ, ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಅದರ ಮೇಲೆ ತೆಳುವಾದ ಹೊಸ ಮಣ್ಣಿನ ಪದರವನ್ನು ದೋಣಿಯ ಕಡೆಗೆ ಇಳಿಜಾರಾಗುವಂತೆ ಹರಡಬೇಕು. ನಾಲ್ಕಾರು ಆಳುಗಳು ಕೆಲವು ದಿನಗಳಲ್ಲಿ ಮಾಡಬಹುದಾದ ಈ ಕೆಲಸದಿಂದ ಅಂಕಣವೊಂದರ ಮೇಲಿನಿಂದ ಎರಡು ಮೂರು ಟನ್ ಭಾರ ಇಳಿಯುತ್ತದೆ.

ಗ್ರಾಮ ಪಂಚಾಯಿತಿ ಮನೆ ತೆರಿಗೆಗಾಗಿ ಪ್ರತಿ ಮನೆಯ ಉದ್ದಗಲವನ್ನೂ ಒಡೆಯನ ಹೆಸರನ್ನೂ ಬರೆದಿಡುತ್ತದೆ. ಅದರ ಪಕ್ಕದಲ್ಲಿ ಮಾಳಿಗೆಯ ಬಗೆ, ಮಣ್ಣಿನ ದಪ್ಪ, ಕೊನೆಯ ಬಾರಿ ಪರೀಕ್ಷಿಸಿದ ತಾರೀಖು ಎಂಬ ಮೂರು ಅಂಕಣಗಳನ್ನು ಸೇರಿಸಿ, ಬೇಸಗೆಯ ಗ್ರಾಮಸಭೆಯಲ್ಲಿ ಓದಿ ಹೇಳುವ ನಿರ್ಣಯವನ್ನು ಮಟಕಿಯಂತಹ ಒಂದು ಊರು ಈ ವರ್ಷವೇ ಮಾಡಬಹುದು. ಅದಕ್ಕೆ ಬೆಂಗಳೂರಿನ ಆದೇಶಕ್ಕಾಗಿ ಕಾಯಬೇಕಾಗಿಲ್ಲ.